ದೈತ್ಯರಿಗೆ ಹೃದಯ ಕೊಟ್ಟ ಜಾಕ್ ಕರ್ಬಿ

1960ರ ನವೆಂಬರ್ ತಿಂಗಳ ಹೆಸರು ಹೊತ್ತು ಪ್ರಕಟವಾದ ಎರಡು ಅಮೆರಿಕನ್ ಕಾಮಿಕ್ಸ್ ಸಂಚಿಕೆಗಳಲ್ಲಿ ಇಬ್ಬರು ದೈತ್ಯರು ಹುಟ್ಟಿದರು. ಒಬ್ಬ, ಅನ್ಯಗ್ರಹದಿಂದ ಬಂದು ಊರನ್ನೇ ಬೇರುಸಹಿತ ಕಿತ್ತೊಯ್ಯಲು ಹವಣಿಸುವ ಮರದ ದೈತ್ಯ. ಅವನ ಹೆಸರು ಗ್ರೂಟ್. ಇನ್ನೊಬ್ಬ, ಮೈತುಂಬ ರೋಮ ತುಂಬಿದ ಮತ್ತೊಂದು ಲೋಕದ ಜೀವಿ. ಅವನ ಹೆಸರು ಹಲ್ಕ್. ಓದುಗರು ಬಲ್ಲ ಹಸಿರು ಮೈಯ ಹಲ್ಕ್ ಇವನಲ್ಲ. ಆ ಹಲ್ಕ್ ಹುಟ್ಟಲು ಇನ್ನೂ ಒಂದೂವರೆ ವರ್ಷ ಕಾಯಬೇಕಿತ್ತು.

ಈ ಮೂವರನ್ನೂ ಚಿತ್ರಿಸಿದ ಕೈ ಒಂದೇ. ಅದು ಜಾಕ್ ಕರ್ಬಿ ಅವರದು. ಹತ್ತು ಸೆಂಟಿನ ಅಗ್ಗದ ಪತ್ರಿಕೆಗಾಗಿ ಪುಟದ ಲೆಕ್ಕದಲ್ಲಿ ಸಂಭಾವನೆ ಪಡೆದು ಬರೆದ ಆ ಚಿತ್ರಗಳು ಮುಂದೆ ಕೋಟ್ಯಂತರ ಡಾಲರುಗಳ ಚಲನಚಿತ್ರಗಳಾದವು. ದೈತ್ಯರ ಹುಟ್ಟಿನ ಕಥೆಯನ್ನು ಮತ್ತೆ ಮತ್ತೆ ತಿದ್ದಿ ಬರೆಯಲಾಯಿತು. ಒಂದು ಸಂಚಿಕೆಗೂ ಮತ್ತೊಂದಕ್ಕೂ ಹೊಂದದ ವಿವರಗಳನ್ನು ಹೊಂದಿಸಲು ದಶಕಗಳ ಕಾಲ ಲೇಖಕರು ಶ್ರಮಪಟ್ಟರು. ಆದರೆ ಆ ದೈತ್ಯರು ಯಾರ ಮನಸ್ಸಿನಲ್ಲಿ ಹುಟ್ಟಿದರು ಎಂಬ ಸರಳವಾದ ಮೂಲಕಥೆ ದಾಖಲೆಗೆ ಸರಿಯಾಗಿ ಸೇರಲು ಅರ್ಧ ಶತಮಾನವೇ ಹಿಡಿಯಿತು. ಅದು ಸೇರುವ ವೇಳೆಗೆ ಕರ್ಬಿ ಅವರು ತೀರಿಕೊಂಡು 20 ವರ್ಷಗಳಾಗಿದ್ದವು.

ಬಡವರ ಕೇರಿಯ ಬಾಲಕ

ಜಾಕ್ ಕರ್ಬಿ ಅವರ ಹುಟ್ಟುಹೆಸರು ಜೇಕಬ್ ಕರ್ಟ್ಸ್‌ಬರ್ಗ್. ಅವರು 1917ರ ಆಗಸ್ಟ್ 28ರಂದು ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್‌ನ ಲೋವರ್ ಈಸ್ಟ್ ಸೈಡ್‌ನಲ್ಲಿ ಜನಿಸಿದರು. ತಂದೆ ಬೆಂಜಮಿನ್, ತಾಯಿ ರೋಸ್. ಇಬ್ಬರೂ ಆಗಿನ ಆಸ್ಟ್ರಿಯಾ ಸಾಮ್ರಾಜ್ಯದಿಂದ ವಲಸೆ ಬಂದ ಯೆಹೂದಿಗಳು. ತಂದೆ ಸಿದ್ಧ ಉಡುಪಿನ ಕಾರ್ಖಾನೆಯ ಕೆಲಸಗಾರ. ಒತ್ತೊತ್ತಾಗಿ ಕಟ್ಟಿದ ಬಾಡಿಗೆ ಮನೆಗಳು, ಇಕ್ಕಟ್ಟಾದ ಮೆಟ್ಟಿಲುಗಳು, ಕೇರಿಗೊಂದು ಹುಡುಗರ ಗುಂಪು ಮತ್ತು ಆ ಗುಂಪುಗಳ ನಡುವಿನ ಹೊಡೆದಾಟ, ಇವು ಅವರ ಬಾಲ್ಯದ ಪರಿಸರ. ಮುಂದೆ ಅವರ ಚಿತ್ರಗಳಲ್ಲಿ ಪುಟದ ಚೌಕಟ್ಟನ್ನು ಸೀಳಿಕೊಂಡು ಹೊರಬರುವಂತೆ ಕಾಣುವ ಮುಷ್ಟಿಗಳನ್ನು ಅವರು ಮೊದಲು ಕಂಡಿದ್ದು ಇದೇ ಬೀದಿಗಳಲ್ಲಿ.

ಚಿತ್ರಕಲೆಯನ್ನು ಅವರು ಬಹುಮಟ್ಟಿಗೆ ತಾವೇ ಕಲಿತರು. ಪ್ರ್ಯಾಟ್ ಕಲಾಸಂಸ್ಥೆಗೆ ಸೇರಿದರೂ ಒಂದೇ ವಾರಕ್ಕೆ ಬಿಟ್ಟುಬಂದರು. ಒಂದು ಚಿತ್ರವನ್ನು ತಿಂಗಳುಗಟ್ಟಲೆ ತಿದ್ದುವ ವ್ಯವಧಾನ ಅವರಲ್ಲಿರಲಿಲ್ಲ. ಬೇಗ ಬರೆಯಬೇಕು, ಬಹಳ ಬರೆಯಬೇಕು ಎಂಬುದೇ ಅವರ ಸ್ವಭಾವವಾಗಿತ್ತು. ಮನೆಯ ಪರಿಸ್ಥಿತಿ ಬೇಡುತ್ತಿದ್ದುದೂ ಅದನ್ನೇ. ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಒದಗಿಸುವ ಸಂಸ್ಥೆಯೊಂದರಲ್ಲಿ ದುಡಿದರು. ಫ್ಲೈಷರ್ ಸ್ಟುಡಿಯೋದಲ್ಲಿ 'ಪಾಪಾಯ್' ಚಲಿಸುವ ಚಿತ್ರಗಳ ನಡುವಿನ ಭಂಗಿಗಳನ್ನು ಬರೆಯುವ ಕೆಲಸವನ್ನೂ ಮಾಡಿದರು. ಸಾಲಾಗಿ ಕುಳಿತು ಒಂದೇ ಬಗೆಯ ಚಿತ್ರ ಬರೆಯುವ ಆ ಕೆಲಸ ತಂದೆಯ ಕಾರ್ಖಾನೆಯನ್ನೇ ನೆನಪಿಸುತ್ತಿತ್ತು. ಅದನ್ನು ಬಿಟ್ಟು ಆಗಷ್ಟೇ ತಲೆಯೆತ್ತುತ್ತಿದ್ದ ಕಾಮಿಕ್ಸ್ ಉದ್ಯಮಕ್ಕೆ ಬಂದರು. ಹಲವು ಅಂಕಿತನಾಮಗಳನ್ನು ಬಳಸಿ ನೋಡಿದ ಮೇಲೆ ಜಾಕ್ ಕರ್ಬಿ ಎಂಬ ಹೆಸರು ನೆಲೆಗೊಂಡಿತು.

ಇದೇ ಕಾಲದಲ್ಲಿ ಜೋ ಸೈಮನ್ ಅವರ ಪರಿಚಯವಾಯಿತು. ಇಬ್ಬರೂ ಸೇರಿ ಸೃಷ್ಟಿಸಿದ 'ಕ್ಯಾಪ್ಟನ್ ಅಮೆರಿಕ' ಪತ್ರಿಕೆಯ ಮೊದಲ ಸಂಚಿಕೆ 1940ರ ಡಿಸೆಂಬರ್‌ನಲ್ಲಿ ಮಾರಾಟಕ್ಕೆ ಬಂತು. ನಾಯಕ ಹಿಟ್ಲರನ ಮುಖಕ್ಕೆ ಗುದ್ದುವ ದೃಶ್ಯ ಅದರ ಮುಖಪುಟದಲ್ಲಿತ್ತು. ಅಮೆರಿಕ ಯುದ್ಧಕ್ಕೆ ಇಳಿಯಲು ಆಗ ಇನ್ನೂ ಒಂದು ವರ್ಷ ಬಾಕಿಯಿತ್ತು. ಪತ್ರಿಕೆ ಲಕ್ಷಗಟ್ಟಲೆ ಪ್ರತಿ ಮಾರಾಟವಾಯಿತು. ಆದರೆ ಒಪ್ಪಿದ್ದ ಲಾಭಾಂಶ ತಮ್ಮ ಕೈಸೇರುತ್ತಿಲ್ಲವೆಂದು ಮನಗಂಡ ಸೈಮನ್ ಮತ್ತು ಕರ್ಬಿ ಹತ್ತು ಸಂಚಿಕೆಗಳ ನಂತರ ಹೊರನಡೆದರು. ನಾಯಕ ಪ್ರಕಾಶಕರ ಸ್ವತ್ತಾಗಿ ಅಲ್ಲೇ ಉಳಿದ. ಕರ್ಬಿ ಅವರ ಬದುಕಿನಲ್ಲಿ ಈ ಕಥೆ ಮತ್ತೆ ಮತ್ತೆ ಮರುಕಳಿಸಿತು.

1942ರಲ್ಲಿ ಅವರು ರೋಸಲಿಂಡ್ ಅವರನ್ನು ವರಿಸಿದರು. ರೋಸ್ ಎಂದೇ ಎಲ್ಲರಿಗೂ ಪರಿಚಿತರಾದ ಆಕೆ ಕೊನೆಯವರೆಗೂ ಅವರ ಬೆನ್ನಿಗೆ ನಿಂತರು. ಮರುವರ್ಷ ಸೇನೆಯ ಕರೆ ಬಂತು. 1944ರ ಆಗಸ್ಟ್‌ನಲ್ಲಿ ಫ್ರಾನ್ಸ್‌ನ ನಾರ್ಮಂಡಿ ತೀರದಲ್ಲಿ ಇಳಿದ ಕರ್ಬಿ, ಜನರಲ್ ಪ್ಯಾಟನ್ ಅವರ ಮೂರನೇ ಸೇನೆಯ ಕಾಲಾಳು ಸೈನಿಕರಾದರು. ಅವರು ಚಿತ್ರಕಾರರೆಂದು ತಿಳಿದ ಅಧಿಕಾರಿಯೊಬ್ಬರು ಸುಲಭದ ಕೆಲಸ ಕೊಡಲಿಲ್ಲ. ದಂಡಿಗಿಂತ ಮುಂದೆ ಹೋಗಿ ಶತ್ರುವಿನ ನೆಲೆಗಳ ನಕ್ಷೆ ಬರೆದು ತರುವ ಅಪಾಯದ ಹೊಣೆ ಹೊರಿಸಿದರು. ಆ ಚಳಿಗಾಲದಲ್ಲಿ ಹಿಮದಿಂದ ಕಾಲುಗಳು ಮರಗಟ್ಟಿ, ಅವುಗಳನ್ನು ಕತ್ತರಿಸಬೇಕಾದೀತೆಂಬ ಸ್ಥಿತಿ ಬಂದಿತ್ತು. ಲಂಡನ್ನಿನ ಆಸ್ಪತ್ರೆಯಲ್ಲಿ ಕಾಲುಗಳು ಉಳಿದವು. 1945ರ ಜುಲೈನಲ್ಲಿ ಅವರಿಗೆ ಸೇನೆಯಿಂದ ಬಿಡುಗಡೆ ದೊರೆಯಿತು.

ನಿಷೇಧದ ನೆರಳಲ್ಲಿ ದೈತ್ಯರು

ಯುದ್ಧಾನಂತರ ಸೈಮನ್–ಕರ್ಬಿ ಜೋಡಿ ಪ್ರೇಮಕಥೆಗಳ 'ಯಂಗ್ ರೊಮಾನ್ಸ್' ಪತ್ರಿಕೆಯನ್ನು ತಂದು ಹೊಸ ಓದುಗವರ್ಗವನ್ನೇ ಕಟ್ಟಿತು. 1950ರಲ್ಲಿ ಅತಿಮಾನುಷ ಭೀತಿಯ ಕಥೆಗಳ 'ಬ್ಲ್ಯಾಕ್ ಮ್ಯಾಜಿಕ್' ಬಂತು. ಅಷ್ಟರಲ್ಲಿ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತಿದೆಯೆಂಬ ಕೂಗೆದ್ದಿತು. 1954ರಲ್ಲಿ ಅಮೆರಿಕದ ಸೆನೆಟ್ ಉಪಸಮಿತಿ ವಿಚಾರಣೆ ನಡೆಸಿತು. ಬೆದರಿದ ಪ್ರಕಾಶಕರು ತಾವೇ ಒಂದು ಸಂಹಿತೆಯನ್ನು ರಚಿಸಿಕೊಂಡರು. ರಕ್ತಪಿಶಾಚಿಗಳು, ತೋಳಮನುಷ್ಯರು, ನಡೆದಾಡುವ ಹೆಣಗಳು ಪುಟಗಳಿಂದ ಹೊರಬಿದ್ದವು. ಹಲವು ಪ್ರಕಾಶನ ಸಂಸ್ಥೆಗಳು ಬಾಗಿಲು ಹಾಕಿದವು. ಸೈಮನ್ ಮತ್ತು ಕರ್ಬಿ ಸ್ವಂತವಾಗಿ ಸ್ಥಾಪಿಸಿದ್ದ ಪ್ರಕಾಶನವೂ ಉಳಿಯಲಿಲ್ಲ.

ಕೆಲಸವಿಲ್ಲದ ಕರ್ಬಿ 1950ರ ದಶಕದ ಕೊನೆಗೆ ತಾವು ಹಿಂದೆ ಬಿಟ್ಟುಬಂದಿದ್ದ ಸಂಸ್ಥೆಗೇ ಮರಳಿದರು. ಮುಂದೆ ಮಾರ್ವೆಲ್ ಎಂದು ಹೆಸರಾಗಲಿದ್ದ ಆ ಸಂಸ್ಥೆಯ ಸಂಪಾದಕರು ಸ್ಟ್ಯಾನ್ ಲೀ. 'ಕ್ಯಾಪ್ಟನ್ ಅಮೆರಿಕ' ದಿನಗಳಲ್ಲಿ ಅಲ್ಲಿ ಕಿರಿಯ ಸಹಾಯಕರಾಗಿ ಸೇರಿದ್ದ ಹುಡುಗ ಅವರೇ. ಸಂಸ್ಥೆಯೂ ಆಗ ಕಷ್ಟದಲ್ಲಿತ್ತು. ಪಿಶಾಚಿಗಳಿಗೆ ನಿಷೇಧವಿದ್ದರೂ ಅನ್ಯಗ್ರಹದ ಜೀವಿಗಳಿಗೆ, ಅಣುವಿಕಿರಣದಿಂದ ಬೆಳೆದ ಪ್ರಾಣಿಗಳಿಗೆ ಅಡ್ಡಿಯಿರಲಿಲ್ಲ. ಗಾಡ್ಜಿಲ್ಲಾದಂಥ ಚಿತ್ರಗಳನ್ನು ಜನ ಮುಗಿಬಿದ್ದು ನೋಡುತ್ತಿದ್ದ ಕಾಲವದು. ಹೀಗೆ ಗ್ರೂಟ್ ಬಂದ, ರೋಮದ ಹಲ್ಕ್ ಬಂದ, 1961ರಲ್ಲಿ ಫಿನ್ ಫ್ಯಾಂಗ್ ಫೂಮ್ ಎಂಬ ಡ್ರ್ಯಾಗನ್ ಬಂತು. ಲೀ ಮತ್ತು ಅವರ ತಮ್ಮ ಲ್ಯಾರಿ ಲೀಬರ್ ಕಥೆ, ಸಂಭಾಷಣೆಗಳಲ್ಲಿ ಕೈಜೋಡಿಸುತ್ತಿದ್ದರು. ತಿಂಗಳಿಗೊಂದರಂತೆ ದೈತ್ಯರು ಬರುತ್ತಿದ್ದರು, ಸೋಲುತ್ತಿದ್ದರು, ಮರೆತುಹೋಗುತ್ತಿದ್ದರು. ಮುಂದಿನ ಸಂಚಿಕೆಗೂ ಹಿಂದಿನದಕ್ಕೂ ನಂಟು ಬೇಕೆಂದು ಯಾರೂ ಯೋಚಿಸುತ್ತಿರಲಿಲ್ಲ.

ದೈತ್ಯನೇ ನಾಯಕನಾದಾಗ

ಆ ನಂಟು ಹುಟ್ಟಿದ್ದು 1961ರ ನವೆಂಬರ್ ಸಂಚಿಕೆಯಾಗಿ ಬಂದ 'ಫೆಂಟಾಸ್ಟಿಕ್ ಫೋರ್' ಪತ್ರಿಕೆಯಿಂದ. ಅದರ ಮುಖಪುಟವನ್ನು ನೋಡಿದರೆ ಅದೂ ದೈತ್ಯರ ಮತ್ತೊಂದು ಪತ್ರಿಕೆಯೆಂದೇ ಭಾಸವಾಗುತ್ತದೆ. ನಗರದ ಬೀದಿಯನ್ನು ಒಡೆದು ಮೇಲೇಳುವ ಬೃಹತ್ ಜೀವಿಯೊಂದು ಅಲ್ಲಿದೆ. ಆದರೆ ನಿಜವಾದ ಹೊಸತನ ಅದನ್ನು ಎದುರಿಸುವ ನಾಲ್ವರಲ್ಲಿತ್ತು. ಅವರಲ್ಲಿ ಒಬ್ಬನೇ ದೈತ್ಯ. ಬಾಹ್ಯಾಕಾಶದ ಕಿರಣಗಳಿಗೆ ಸಿಕ್ಕಿ ಬಂಡೆಯಂಥ ಮೈ ಪಡೆದ ಬೆನ್ ಗ್ರಿಮ್ ತನ್ನ ರೂಪವನ್ನು ತಾನೇ ದ್ವೇಷಿಸುತ್ತಾನೆ, ಆದರೂ ಜನರನ್ನು ಕಾಯುತ್ತಾನೆ. 'ಥಿಂಗ್' ಎಂದರೆ ವಸ್ತು ಎಂಬುದೇ ಅವನಿಗಿಟ್ಟ ಹೆಸರು.

ಈ ಪಾತ್ರದಲ್ಲಿ ಕರ್ಬಿ ಅವರ ಸ್ವಂತ ಬದುಕಿನ ಗುರುತುಗಳು ಢಾಳಾಗಿವೆ. ಪಾತ್ರದ ಪೂರ್ಣ ಹೆಸರು ಬೆಂಜಮಿನ್ ಜೇಕಬ್ ಗ್ರಿಮ್. ಮೊದಲನೆಯದು ತಂದೆಯ ಹೆಸರು, ಎರಡನೆಯದು ಮಗನದು. ಬೆನ್ ಬೆಳೆದ ಯಾನ್ಸಿ ಬೀದಿ, ಲೋವರ್ ಈಸ್ಟ್ ಸೈಡ್‌ನ ಡಿಲ್ಯಾನ್ಸಿ ಬೀದಿಯನ್ನು ನೆನಪಿಸುತ್ತದೆ. ಅಲ್ಲಿನ ಪುಂಡ ಹುಡುಗರ ಗುಂಪು ಅವನನ್ನು ಸದಾ ಕೆಣಕುತ್ತದೆ. 1970ರ ದಶಕದಲ್ಲಿ ಕರ್ಬಿ ತಮ್ಮ ಖಾಸಗಿ ಶುಭಾಶಯ ಪತ್ರವೊಂದಕ್ಕೆ ಯೆಹೂದಿ ಪ್ರಾರ್ಥನೆಯ ಉಡುಪು ತೊಟ್ಟ ಥಿಂಗ್‌ನ ಚಿತ್ರವನ್ನೂ ಬರೆದಿದ್ದರು. ಪ್ರಕಟಿತ ಕಥೆಗಳಲ್ಲಿ ಮಾತ್ರ ಬೆನ್ ಗ್ರಿಮ್‌ನ ಧರ್ಮದ ಪ್ರಸ್ತಾಪವಿರಲಿಲ್ಲ. 2002ರ ಸಂಚಿಕೆಯೊಂದರಲ್ಲಿ ಅವನು ಯೆಹೂದಿಯೆಂದು ಮೊದಲ ಬಾರಿ ಹೇಳಲಾಯಿತು. ಸೃಷ್ಟಿಕರ್ತನ ಮನೆಯಲ್ಲಿ ಮೊದಲೇ ಇದ್ದ ಸತ್ಯ, ಅವರು ಗತಿಸಿದ 8 ವರ್ಷಗಳ ಮೇಲೆ ಪಾತ್ರದ ಅಧಿಕೃತ ಇತಿಹಾಸವಾಯಿತು.

1962ರ ಮೇ ಸಂಚಿಕೆಯಾಗಿ 'ಇನ್‌ಕ್ರೆಡಿಬಲ್ ಹಲ್ಕ್' ಬಂತು. ಗಾಮಾ ಬಾಂಬಿನ ಪರೀಕ್ಷೆಯ ವೇಳೆ ಹುಡುಗನೊಬ್ಬನನ್ನು ಉಳಿಸಲು ಓಡಿಹೋದ ವಿಜ್ಞಾನಿ ಬ್ರೂಸ್ ಬ್ಯಾನರ್ ವಿಕಿರಣಕ್ಕೆ ಸಿಕ್ಕಿ ದೈತ್ಯನಾಗುತ್ತಾನೆ. ಲೀ ಅವರು ಈ ಪಾತ್ರಕ್ಕೆ ಮೇರಿ ಶೆಲ್ಲಿಯ 'ಫ್ರಾಂಕನ್‌ಸ್ಟೈನ್' ಹಾಗೂ ಸ್ಟೀವನ್ಸನ್ನನ ಜೆಕಿಲ್–ಹೈಡ್ ಕಥೆಯನ್ನು ಮೂಲವೆಂದು ಹೇಳುತ್ತಿದ್ದರು. ಕರ್ಬಿ ಅವರು ಕೊಟ್ಟ ಕಾರಣ ಬೇರೆ. ಕಾರಿನಡಿ ಸಿಲುಕಿದ ಮಗುವನ್ನು ಉಳಿಸಲು ತಾಯಿಯೊಬ್ಬಳು ಆ ಕಾರನ್ನೇ ಎತ್ತಿದ್ದನ್ನು ಕಂಡೆನೆಂದೂ, ಸಂಕಟದಲ್ಲಿ ಸಾಮಾನ್ಯರಿಗೂ ಅಂಥ ಬಲ ಬರುವುದೆಂದು ಹೊಳೆಯಿತೆಂದೂ ಅವರು ಮುಂದೆ ನೆನಪಿಸಿಕೊಂಡರು. ಒಂದೇ ದೈತ್ಯನಿಗೆ ಇಬ್ಬರು ಜನಕರು, ಎರಡು ಮೂಲಕಥೆಗಳು. ಮುಂದಿನ ವಿವಾದದ ಬೀಜ ಇಲ್ಲಿಯೇ ಇದೆ.

ತಿದ್ದುತ್ತಲೇ ಸಾಗಿದ ಮೂಲಕಥೆ

ಮೊದಲ ಸಂಚಿಕೆಯಲ್ಲಿ ಹಲ್ಕ್‌ನ ಬಣ್ಣ ಬೂದು. ಅಂದಿನ ಅಗ್ಗದ ಮುದ್ರಣದಲ್ಲಿ ಆ ಬೂದು ಪುಟದಿಂದ ಪುಟಕ್ಕೆ ಬೇರೆಯಾಗಿ ಕಂಡಿತು. ಹೀಗಾಗಿ ಎರಡನೇ ಸಂಚಿಕೆಯಿಂದ ಅವನು ಹಸಿರಾದ. ಮೊದಲಿಗೆ ಸೂರ್ಯ ಮುಳುಗಿದಾಗ ಬ್ಯಾನರ್ ಹಲ್ಕ್ ಆಗುತ್ತಿದ್ದ. ಕೆಲವು ಸಂಚಿಕೆಗಳ ನಂತರ ಅದಕ್ಕೊಂದು ಕಿರಣಯಂತ್ರ ಬೇಕಾಯಿತು. ಪತ್ರಿಕೆ ಆರೇ ಸಂಚಿಕೆಗಳಿಗೆ ನಿಂತುಹೋಗಿ, 1964ರಲ್ಲಿ ಬೇರೊಂದು ಪತ್ರಿಕೆಯಲ್ಲಿ ಹಲ್ಕ್ ಮರಳಿದಾಗ ಮನಸ್ಸಿನ ಉದ್ವೇಗವೇ ರೂಪಾಂತರಕ್ಕೆ ಕಾರಣವೆಂದಾಯಿತು. ಇಂದು ಲೋಕ ಬಲ್ಲ ಕೋಪದ ಹಲ್ಕ್ ಹೀಗೆ ಹಂತಹಂತವಾಗಿ ರೂಪುಗೊಂಡವನು. ನಡುವೆ ಬ್ಯಾನರ್‌ನ ಹೆಸರನ್ನು ಬಾಬ್ ಎಂದು ತಪ್ಪಾಗಿ ಅಚ್ಚು ಹಾಕಿದ್ದೂ ಉಂಟು. ಓದುಗರು ಅದನ್ನು ಎತ್ತಿ ತೋರಿಸಿದಾಗ, ಅವನ ಪೂರ್ಣ ಹೆಸರು ರಾಬರ್ಟ್ ಬ್ರೂಸ್ ಬ್ಯಾನರ್ ಎಂದು ಸಮಜಾಯಿಷಿ ನೀಡಿ ತಪ್ಪನ್ನೇ ಸತ್ಯವನ್ನಾಗಿಸಲಾಯಿತು.

ಕಾಮಿಕ್ಸ್ ಲೋಕದಲ್ಲಿ ಕಥಾಸಾತತ್ಯ ಎನ್ನುವುದು ಇದನ್ನೇ. ಎಲ್ಲ ಪತ್ರಿಕೆಗಳ ಎಲ್ಲ ಪಾತ್ರಗಳೂ ಒಂದೇ ಲೋಕದಲ್ಲಿ ಬದುಕುತ್ತಿರುವುದರಿಂದ, ಯಾವ ಲೇಖಕ ಎಂದು ಬರೆದ ಮಾತೂ ಮತ್ತೊಂದಕ್ಕೆ ವಿರುದ್ಧವಾಗಬಾರದೆಂಬ ನಿಯಮ. ಪುರಾಣ ಬಲ್ಲವರಿಗೆ ಇದು ತೀರ ಅಪರಿಚಿತವಲ್ಲ. ವೈಕುಂಠದ ದ್ವಾರಪಾಲಕರಾದ ಜಯ–ವಿಜಯರೇ ಹಿರಣ್ಯಾಕ್ಷ–ಹಿರಣ್ಯಕಶಿಪುಗಳಾಗಿ, ರಾವಣ–ಕುಂಭಕರ್ಣರಾಗಿ, ಶಿಶುಪಾಲ–ದಂತವಕ್ತ್ರರಾಗಿ ಹುಟ್ಟಿದರೆಂಬ ಕಥೆ ಬೇರೆ ಬೇರೆ ಯುಗಗಳ ಖಳರನ್ನು ಒಂದೇ ಎಳೆಯಲ್ಲಿ ಪೋಣಿಸುತ್ತದೆ. ಕಾಮಿಕ್ಸ್ ಲೇಖಕರೂ ಹಾಗೆಯೇ ಹಳೆಯ ಪುಟಗಳನ್ನು ಕೆದಕಿ ಎಳೆ ಹುಡುಕಿದರು.

ಮುದ್ರಣದ ತೊಡಕಿನಿಂದ ಬಂದು ಹೋಗಿದ್ದ ಬೂದು ಬಣ್ಣ 1980ರ ದಶಕದಲ್ಲಿ ಹಲ್ಕ್‌ನ ಬೇರೆಯದೇ ವ್ಯಕ್ತಿತ್ವವಾಯಿತು. ಬಾಲ್ಯದಲ್ಲಿ ತಂದೆ ಕೊಟ್ಟ ಹಿಂಸೆಯೇ ಬ್ಯಾನರ್‌ನ ಕೋಪದ ಮೂಲವೆಂಬ ಕಥೆ 1985ರಲ್ಲಿ ಬಂತು. ರೋಮದ ದೈತ್ಯನ ಕಥೆ ಇನ್ನೂ ಸ್ವಾರಸ್ಯಕರ. ಹಸಿರು ಹಲ್ಕ್ ಪ್ರಸಿದ್ಧನಾದ ಮೇಲೆ ಅವನ ಹೆಸರನ್ನು ಮರುಮುದ್ರಣದಲ್ಲಿ ಬದಲಿಸಿ, ಕ್ಸೆಮ್ನು ಎಂಬ ಟೈಟನ್ ಎಂದು ಕರೆಯಲಾಯಿತು. 2018ರಿಂದ 2021ರವರೆಗೆ ಬಂದ 'ಇಮ್ಮಾರ್ಟಲ್ ಹಲ್ಕ್' ಸರಣಿಯಲ್ಲಿ ಇದೇ ಕ್ಸೆಮ್ನು ಲೋಕದ ಜನರ ನೆನಪಿನಿಂದ ಹಸಿರು ಹಲ್ಕ್‌ನನ್ನು ಅಳಿಸಿ, ತಾನೇ ಹಲ್ಕ್ ಎಂದು ನಂಬಿಸಲು ಹೊರಡುತ್ತಾನೆ. 60 ವರ್ಷ ಹಳೆಯ ಹೆಸರಿನ ಗೊಂದಲವೇ ಕಥೆಯಾಯಿತು. ಬೆನ್ ಗ್ರಿಮ್ ಎರಡನೇ ಮಹಾಯುದ್ಧದ ವಿಮಾನ ಚಾಲಕನೆಂಬುದು ಕರ್ಬಿ ಅವರ ಕಾಲದ ಕಥೆ. ಪಾತ್ರಗಳಿಗೆ ವಯಸ್ಸಾಗಬಾರದಲ್ಲ, ಅದಕ್ಕಾಗಿ ಕಾಲ ಸರಿದಂತೆ ಆ ಯುದ್ಧವನ್ನು ಕೈಬಿಡಬೇಕಾಯಿತು. 2019ರಲ್ಲಿ ಸಿಯಾನ್‌ಕಾಂಗ್ ಎಂಬ ಕಲ್ಪಿತ ದೇಶದ ಯುದ್ಧವನ್ನು ಅದರ ಜಾಗದಲ್ಲಿ ಕೂರಿಸಲಾಯಿತು. ಕರ್ಬಿ ಮರಗಟ್ಟಿದ ಕಾಲುಗಳಿಂದ ಹೊರಬಂದ ಯುದ್ಧ ಹೀಗೆ ಪಾತ್ರಗಳ ಬದುಕಿನಿಂದ ಸದ್ದಿಲ್ಲದೆ ಮರೆಯಾಯಿತು.

ಯಾರ ಕಥೆ, ಯಾರ ಹೆಸರು

1960ರ ದಶಕದಲ್ಲಿ ಕರ್ಬಿ ನ್ಯೂಯಾರ್ಕ್ ಹೊರವಲಯದ ಮನೆಯ ನೆಲಮಾಳಿಗೆಯಲ್ಲಿ ಕುಳಿತು ಬರೆಯುತ್ತಿದ್ದರು. ಕಿಟಕಿಯಿಲ್ಲದಂತಿದ್ದ ಆ ಕೋಣೆಗೆ ಮನೆಯವರು ಕತ್ತಲಕೋಣೆ ಎಂದೇ ಹೆಸರಿಟ್ಟಿದ್ದರು. ವರ್ಷಕ್ಕೆ ಸಾವಿರ ಪುಟ ದಾಟಿದ್ದೂ ಉಂಟು. 'ಫೆಂಟಾಸ್ಟಿಕ್ ಫೋರ್' ಒಂದನ್ನೇ ಸತತ 102 ಸಂಚಿಕೆ ಬರೆದರು. ಥಾರ್, ಎಕ್ಸ್‌ಮೆನ್, ಅವೆಂಜರ್ಸ್, ಬ್ಲ್ಯಾಕ್ ಪ್ಯಾಂಥರ್ ಎಲ್ಲವೂ ಈ ದಶಕದ ಫಲ.

ಕೆಲಸದ ಕ್ರಮ ವಿಶಿಷ್ಟವಾಗಿತ್ತು. ಲೀ ಮತ್ತು ಚಿತ್ರಕಾರರು ಕಥೆಯ ಎಳೆಯನ್ನು ಮಾತಾಡಿಕೊಳ್ಳುತ್ತಿದ್ದರು. ಚಿತ್ರಕಾರರು ಅದನ್ನು 20 ಪುಟಗಳ ದೃಶ್ಯಗಳಾಗಿ ಬೆಳೆಸುತ್ತಿದ್ದರು. ಬಳಿಕ ಲೀ ಸಂಭಾಷಣೆ ತುಂಬುತ್ತಿದ್ದರು. ಘಟನೆ, ಹೊಸ ಪಾತ್ರ, ತಿರುವು ಎಲ್ಲವನ್ನೂ ಚಿತ್ರಕಾರರೇ ಕಟ್ಟಬೇಕಾಗುತ್ತಿತ್ತು. 1966ರಲ್ಲಿ ಲೋಕಗಳನ್ನೇ ನುಂಗುವ ಗ್ಯಾಲಕ್ಟಸ್‌ನ ಕಥೆ ಬರೆಯುವಾಗ ಕರ್ಬಿ ಯಾರೂ ಹೇಳದಿದ್ದ ಪಾತ್ರವೊಂದನ್ನು ಸೇರಿಸಿದರು. ಸಿಲ್ವರ್ ಸರ್ಫರ್ ಎಂದು ಪ್ರಸಿದ್ಧವಾದ ಆ ಪಾತ್ರವನ್ನು ತಾವು ಮೊದಲು ಕಂಡದ್ದು ಮುಗಿದ ಪುಟಗಳಲ್ಲಿ ಎಂದು ಲೀ ಅವರೇ ಒಪ್ಪಿದ್ದಾರೆ. ಆದರೂ ಪುಟದ ಮೇಲೆ ಲೇಖಕರಾಗಿ ಲೀ, ಚಿತ್ರಕಾರರಾಗಿ ಕರ್ಬಿ ಎಂದೇ ಬಹುಕಾಲ ಅಚ್ಚಾಗುತ್ತಿತ್ತು. ಪತ್ರಿಕೆಗಳು, ವಿಶ್ವವಿದ್ಯಾಲಯಗಳು ಮಾರ್ವೆಲ್‌ನ ಮುಖವಾಗಿ ಲೀ ಅವರನ್ನು ಕಂಡವು. ಕರ್ಬಿ ಅವರಿಗೆ ಸಿಗುತ್ತಿದ್ದುದು ಪುಟದ ದರ ಮಾತ್ರ. ಪಾತ್ರಗಳಲ್ಲಿ ಪಾಲಿರಲಿಲ್ಲ.

1970ರಲ್ಲಿ ಅವರು ಮಾರ್ವೆಲ್ ತೊರೆದು ಪ್ರತಿಸ್ಪರ್ಧಿ ಡಿಸಿ ಸಂಸ್ಥೆಗೆ ಹೋದರು. 'ನ್ಯೂ ಗಾಡ್ಸ್' ಮೊದಲಾದ ಪತ್ರಿಕೆಗಳಲ್ಲಿ ಪರಸ್ಪರ ಹೆಣೆದುಕೊಂಡ, ಆದಿ ಅಂತ್ಯಗಳುಳ್ಳ ದೀರ್ಘ ಕಥಾನಕವೊಂದನ್ನು ಏಕಕಾಲಕ್ಕೆ ಬರೆಯತೊಡಗಿದರು. ಅದು ತುದಿ ಮುಟ್ಟುವ ಮೊದಲೇ 1972ರಲ್ಲಿ 'ನ್ಯೂ ಗಾಡ್ಸ್' ನಿಲ್ಲಿಸಲಾಯಿತು.

ನರಕದ ಜೀವಿ, ನಾಗರಿಕ ಮನುಷ್ಯ

ಅಷ್ಟರಲ್ಲಿ, 1971ರಲ್ಲಿ, ಸಂಹಿತೆ ಸಡಿಲಗೊಂಡು ರಕ್ತಪಿಶಾಚಿಗಳಿಗೂ ತೋಳಮನುಷ್ಯರಿಗೂ ಮತ್ತೆ ಪ್ರವೇಶ ದೊರೆತಿತ್ತು. ಭೀತಿಯ ಪತ್ರಿಕೆಯೊಂದು ಬೇಕೆಂದು ಡಿಸಿ ಕೇಳಿತು. ಅಂಥ ಕಥೆಗಳಲ್ಲಿ ಕರ್ಬಿ ಅವರಿಗೆ ಹೆಚ್ಚಿನ ಒಲವಿರಲಿಲ್ಲ. ಆದರೂ ಒಪ್ಪಿಕೊಂಡು 1972ರಲ್ಲಿ 'ದಿ ಡೀಮನ್' ತಂದರು. ಆರ್ಥರ್ ರಾಜನ ಕ್ಯಾಮಲಾಟ್ ಪತನವಾಗುವ ರಾತ್ರಿ ಮಾಂತ್ರಿಕ ಮರ್ಲಿನ್ ಎಟ್ರಿಗನ್ ಎಂಬ ನರಕದ ಜೀವಿಯನ್ನು ಕರೆಯುತ್ತಾನೆ, ಬಳಿಕ ಅವನನ್ನು ಮನುಷ್ಯನನ್ನಾಗಿ ಮಾರ್ಪಡಿಸಿ ಲೋಕಕ್ಕೆ ಬಿಡುತ್ತಾನೆ. ಶತಮಾನಗಳ ನಂತರ ಗಾಥಮ್ ನಗರದಲ್ಲಿ ಜೇಸನ್ ಬ್ಲಡ್ ಎಂಬ ಸಭ್ಯ ವಿದ್ವಾಂಸನಿಗೆ ತನ್ನೊಳಗೆ ಇರುವವನು ಯಾರೆಂದು ತಿಳಿಯುತ್ತದೆ. ಎಟ್ರಿಗನ್‌ನ ಹಳದಿ ಮುಖವನ್ನು ಕರ್ಬಿ ತಾವು ಮೆಚ್ಚಿದ್ದ ಹಾಲ್ ಫಾಸ್ಟರ್ ಅವರ 'ಪ್ರಿನ್ಸ್ ವೇಲಿಯಂಟ್' ಚಿತ್ರಮಾಲೆಯ ಒಂದು ಮುಖವಾಡದಿಂದ ತೆಗೆದುಕೊಂಡಿದ್ದರು.

ಪತ್ರಿಕೆ 16 ಸಂಚಿಕೆಗಳಿಗೆ ನಿಂತಿತು. ಪಾತ್ರ ಮಾತ್ರ ಬದುಕಿತು, ಬೇರೆಯವರ ಕೈಯಲ್ಲಿ. 1980ರ ದಶಕದ ಲೇಖಕರು ಎಟ್ರಿಗನ್ ಪ್ರಾಸಬದ್ಧವಾಗಿ ಮಾತಾಡುವಂತೆ ಮಾಡಿದರು. 1987ರಲ್ಲಿ ಮ್ಯಾಟ್ ವ್ಯಾಗ್ನರ್ ಅವನನ್ನು ಮರ್ಲಿನ್‌ನ ಮಲಸಹೋದರನೆಂದು ಚಿತ್ರಿಸಿ ಮೂಲಕಥೆಯನ್ನೇ ಬದಲಿಸಿದರು. ಕರ್ಬಿ ಅವರ ಕಥೆಯಲ್ಲಿ ಎಟ್ರಿಗನ್‌ಗೆ ವಂಶಾವಳಿಯಿರಲಿಲ್ಲ. ಒಂದೇ ದೇಹದಲ್ಲಿ ಇಬ್ಬರು ಬದುಕಬೇಕಾದ ಸಂಕಟವಷ್ಟೇ ಇತ್ತು.

1975ರಲ್ಲಿ ಅವರು ಮತ್ತೆ ಮಾರ್ವೆಲ್‌ಗೆ ಮರಳಿದರು. 1976ರಲ್ಲಿ ಆರಂಭವಾದ 'ಎಟರ್ನಲ್ಸ್' ಅವರ ಕಲ್ಪನೆಯ ಉತ್ತುಂಗಗಳಲ್ಲಿ ಒಂದು. ಆಕಾಶದಿಂದ ಬಂದ ದೇವತೆಗಳು ಆದಿವಾನರರಿಂದ ಮೂರು ಕುಲಗಳನ್ನು ಸೃಷ್ಟಿಸುತ್ತಾರೆ. ಮನುಷ್ಯರು, ಚಿರಂಜೀವಿಗಳು ಹಾಗೂ ಪ್ರತಿ ತಲೆಮಾರಿನಲ್ಲೂ ರೂಪ ಕೆಡುವ ಡೀವಿಯಂಟರು. ಈ ಮೂರನೆಯ ಕುಲದ ಇಬ್ಬರನ್ನು ಕರ್ಬಿ ಎದುರುಬದುರು ನಿಲ್ಲಿಸಿದರು. ಕಾರ್ಕಸ್ ನೋಡಲು ಘೋರ, ಆದರೆ ಶಾಂತಿ ಬಯಸುವ ಚಿಂತಕ. ಇನ್ನೊಬ್ಬ ಸುಂದರ ಮಾನವರೂಪಿ. ಆ ಕಾರಣಕ್ಕೇ ತನ್ನವರಲ್ಲಿ ಬಹಿಷ್ಕೃತನಾಗಿ, ಕೊಲ್ಲುವುದೊಂದನ್ನೇ ಕಲಿತವನು. ದೈತ್ಯ ಯಾರು ಎಂಬ ಪ್ರಶ್ನೆಗೆ ಕರ್ಬಿ ಅವರ ಉತ್ತರ ಈ ಜೋಡಿಯಲ್ಲಿ ಅತ್ಯಂತ ಸ್ಪಷ್ಟವಾಗಿದೆ.

ಆದರೆ ಇಲ್ಲಿಯೂ ಕಥಾಸಾತತ್ಯದ ಒತ್ತಡ ಬಿಡಲಿಲ್ಲ. ಅವರು ಈ ಕಥೆಯನ್ನು ಮಾರ್ವೆಲ್‌ನ ಉಳಿದ ಪಾತ್ರಗಳಿಂದ ದೂರವಿಡಬಯಸಿದ್ದರು. ಸಂಪಾದಕೀಯ ಬಳಗಕ್ಕೆ ಹಲ್ಕ್‌ನಂಥ ಜನಪ್ರಿಯರು ಬಂದುಹೋಗಬೇಕಿತ್ತು. ಕರ್ಬಿ ಕಂಡುಕೊಂಡ ದಾರಿ ಚಮತ್ಕಾರದ್ದು. ಹಲ್ಕ್‌ನ ರೂಪದ ಯಂತ್ರಮಾನವನೊಬ್ಬನನ್ನು ತಂದರು. ಮುಖಪುಟಕ್ಕೆ ಹಲ್ಕ್ ಸಿಕ್ಕಿದ, ಕಥೆಯೊಳಗೆ ನಿಜವಾದ ಹಲ್ಕ್ ಬರಲಿಲ್ಲ. ಪತ್ರಿಕೆ 19 ಸಂಚಿಕೆಗಳಿಗೆ ಮುಗಿಯಿತು. ನಂತರದ ಲೇಖಕರು ಎಟರ್ನಲ್‌ಗಳನ್ನು ಮಾರ್ವೆಲ್ ಲೋಕದ ಇತಿಹಾಸಕ್ಕೆ ಬೆಸೆದೇಬಿಟ್ಟರು.

88 ಪುಟಗಳ ಕಾಗದ

1978ರ ಸುಮಾರಿಗೆ ಕರ್ಬಿ ಕಾಮಿಕ್ಸ್ ಬಿಟ್ಟು ದೂರದರ್ಶನದ ಅನಿಮೇಷನ್ ಕ್ಷೇತ್ರಕ್ಕೆ ನಡೆದರು. ಅಲ್ಲಿ ಉತ್ತಮ ಸಂಬಳವೂ ಆರೋಗ್ಯವಿಮೆಯೂ ಇದ್ದವು. ಆದರೆ ಹಳೆಯ ಪುಟಗಳು ಅವರನ್ನು ಬಿಡಲಿಲ್ಲ. ಆಗ ಕಾಮಿಕ್ಸ್ ಪ್ರಕಾಶಕರು ಮೂಲಚಿತ್ರಗಳನ್ನು ಕಲಾವಿದರಿಗೆ ಹಿಂದಿರುಗಿಸತೊಡಗಿದ್ದರು. ಉಳಿದ ಕಲಾವಿದರು ಒಂದು ಪುಟದ ಪತ್ರಕ್ಕೆ ಸಹಿ ಹಾಕಿದರೆ ಸಾಕಿತ್ತು. 1984ರಲ್ಲಿ ಕರ್ಬಿ ಅವರ ಮುಂದೆ ಮಾರ್ವೆಲ್ ಇರಿಸಿದ್ದು ನಾಲ್ಕು ಪುಟಗಳ ಕರಾರುಪತ್ರ. ಪಾತ್ರಗಳ ಮೇಲೆ ಯಾವ ಹಕ್ಕನ್ನೂ ಎಂದೂ ಕೇಳಬಾರದೆಂಬ ಷರತ್ತುಗಳು ಅದರಲ್ಲಿದ್ದವು. ಪ್ರತಿಯಾಗಿ ಸಿಗಲಿದ್ದುದು ಅವರು ಬರೆದ ಸಾವಿರಾರು ಪುಟಗಳ ಪೈಕಿ 88 ಪುಟಗಳು.

ಅವರು ಸಹಿ ಹಾಕಲಿಲ್ಲ. ವಿಷಯ ಬಹಿರಂಗವಾದಾಗ ಕಾಮಿಕ್ಸ್ ಲೋಕದ ಲೇಖಕರೂ ಕಲಾವಿದರೂ ಅವರ ಪರವಾಗಿ ಮನವಿಗೆ ಸಹಿ ಮಾಡಿದರು. ಹಲವು ವರ್ಷಗಳ ಜಗ್ಗಾಟದ ನಂತರ 1987ರಲ್ಲಿ ಸುಮಾರು 2 ಸಾವಿರ ಪುಟಗಳು ಮನೆಗೆ ಬಂದವು. ಉಳಿದವುಗಳಲ್ಲಿ ಎಷ್ಟೋ ಈ ಮೊದಲೇ ಕಳುವಾಗಿದ್ದವು, ಚದುರಿಹೋಗಿದ್ದವು. ಇದೇ ಕಾಲದಲ್ಲಿ ಡಿಸಿ ಸಂಸ್ಥೆ ತನ್ನ ಆಟಿಕೆಗಳಿಗಾಗಿ 'ನ್ಯೂ ಗಾಡ್ಸ್' ಪಾತ್ರಗಳಿಗೆ ಹೊಸ ರೂಪ ಬರೆಸಿ, ಆ ನೆಪದಲ್ಲಿ ಅವರಿಗೆ ಗೌರವಧನ ಸಲ್ಲುವಂತೆ ಮಾಡಿತ್ತು.

ಆ ವರ್ಷಗಳ ಕಹಿಯಲ್ಲಿ ಕರ್ಬಿ, ಲೀ ಅವರ ಪಾಲು ಏನೂ ಇಲ್ಲವೆನ್ನುವ ಮಟ್ಟಿಗೆ ಮಾತಾಡಿದ್ದೂ ಇದೆ. ಅದನ್ನು ಎಲ್ಲ ವಿಮರ್ಶಕರೂ ಒಪ್ಪುವುದಿಲ್ಲ. ಲೀ ಅವರ ಸಂಭಾಷಣೆಯ ಲವಲವಿಕೆಯಿಲ್ಲದೆ ಆ ಪತ್ರಿಕೆಗಳು ಅಷ್ಟು ಜನರನ್ನು ತಲುಪುತ್ತಿರಲಿಲ್ಲ. ಕರ್ಬಿ ಅವರ ಕಲ್ಪನೆಯಿಲ್ಲದೆ ಸಂಭಾಷಣೆ ತುಂಬಲು ಪುಟಗಳೇ ಇರುತ್ತಿರಲಿಲ್ಲ. ಒಬ್ಬರ ಹೆಸರು ಮಾತ್ರ ಬೆಳಗಿದ್ದು ಅನ್ಯಾಯದ ತಿರುಳು.

ಮರಣೋತ್ತರ ತೀರ್ಪು

1994ರ ಫೆಬ್ರುವರಿ 6ರಂದು ಕ್ಯಾಲಿಫೋರ್ನಿಯಾದ ಥೌಸಂಡ್ ಓಕ್ಸ್‌ನ ಮನೆಯಲ್ಲಿ ಜಾಕ್ ಕರ್ಬಿ ಹೃದಯ ವೈಫಲ್ಯದಿಂದ ನಿಧನರಾದರು. ಅವರಿಗೆ 76 ವರ್ಷ. ಪತ್ನಿ ರೋಸ್ 1997ರಲ್ಲಿ ತೀರಿಕೊಂಡರು.

2009ರಲ್ಲಿ ಡಿಸ್ನಿ ಸಂಸ್ಥೆ ಸುಮಾರು 400 ಕೋಟಿ ಡಾಲರಿಗೆ ಮಾರ್ವೆಲ್ ಖರೀದಿಸುವುದಾಗಿ ಪ್ರಕಟಿಸಿತು. ಕರ್ಬಿ ಅವರ ಮಕ್ಕಳು ಹಕ್ಕುಸ್ವಾಮ್ಯ ಹಿಂಪಡೆಯುವ 45 ನೋಟಿಸುಗಳನ್ನು ಕಳುಹಿಸಿದರು. ಆ ಚಿತ್ರಗಳು ಸಂಸ್ಥೆಗಾಗಿ ಕೂಲಿಗೆ ಮಾಡಿದ ಕೆಲಸ, ಆದ್ದರಿಂದ ಅವುಗಳ ಕರ್ತೃ ಕಾನೂನಿನ ದೃಷ್ಟಿಯಲ್ಲಿ ಸಂಸ್ಥೆಯೇ ಎಂದು ನ್ಯಾಯಾಲಯ 2011ರಲ್ಲಿ ತೀರ್ಪಿತ್ತಿತು. 2013ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಕುಟುಂಬ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಪ್ರಕರಣವನ್ನು ಕೈಗೆತ್ತಿಕೊಳ್ಳಬೇಕೇ ಎಂದು ನ್ಯಾಯಮೂರ್ತಿಗಳು ಚರ್ಚಿಸಲು ಕೆಲವೇ ದಿನಗಳಿದ್ದಾಗ, 2014ರ ಸೆಪ್ಟೆಂಬರ್ 26ರಂದು, ಎರಡೂ ಕಡೆಯವರು ರಾಜಿಯಾದರು. ರಾಜಿಯ ಷರತ್ತುಗಳನ್ನು ಪ್ರಕಟಿಸಲಿಲ್ಲ. ಆದರೆ ಆ ಬಳಿಕ ಮಾರ್ವೆಲ್ ಪತ್ರಿಕೆಗಳಲ್ಲಿ ಪಾತ್ರಗಳ ಸೃಷ್ಟಿಕರ್ತರೆಂದು ಕರ್ಬಿ ಅವರ ಹೆಸರು ಲೀ ಅವರ ಹೆಸರಿನ ಜೊತೆಗೆ ಕಾಣಿಸತೊಡಗಿತು. 2017ರಲ್ಲಿ ಡಿಸ್ನಿ ತನ್ನ ದಿಗ್ಗಜರ ಸಾಲಿಗೆ ಅವರನ್ನು ಮರಣೋತ್ತರವಾಗಿ ಸೇರಿಸಿತು.

ರಾಜಿಗೆ ಸುಮಾರು ಎರಡು ತಿಂಗಳ ಮೊದಲು ಬಿಡುಗಡೆಯಾದ 'ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ' ಚಿತ್ರದಲ್ಲಿ ಜಗತ್ತಿನ ಮಕ್ಕಳು ಗ್ರೂಟ್‌ನನ್ನು ಅಪ್ಪಿಕೊಂಡಿದ್ದರು. 1960ರಲ್ಲಿ ಊರು ಕಿತ್ತೊಯ್ಯಲು ಬಂದು ಗೆದ್ದಲುಗಳಿಗೆ ಸೋತಿದ್ದ ದುಷ್ಟ ಅವನು. 2005ರಿಂದ ಬಂದ, ದೈತ್ಯರದೇ ಸೇನಾತುಕಡಿಯ ಕಥೆ ಹೇಳುವ 'ನಿಕ್ ಫ್ಯೂರೀಸ್ ಹೌಲಿಂಗ್ ಕಮಾಂಡೋಸ್' ಸರಣಿಯಲ್ಲಿ ಅವನು ಮತ್ತೆ ಕಾಣಿಸಿಕೊಂಡ. ಆ ಮೇಲೆ ಸ್ನೇಹಿತರಿಗಾಗಿ ಪ್ರಾಣ ಕೊಡುವ ಸಾಧುವಾದ. ಆ ಕಥೆಯನ್ನು ಬರೆದವರು ಬೇರೆಯವರು. ಆದರೆ ವಿಕಾರರೂಪದೊಳಗೆ ಮರುಗುವ ಜೀವವಿದೆಯೆಂದು ಬೆನ್ ಗ್ರಿಮ್, ಬ್ರೂಸ್ ಬ್ಯಾನರ್, ಜೇಸನ್ ಬ್ಲಡ್, ಕಾರ್ಕಸ್ ಇವರ ಮೂಲಕ ಕಲಿಸಿಕೊಟ್ಟವರು ಕರ್ಬಿ.

2025ರ ಜುಲೈನಲ್ಲಿ ತೆರೆಕಂಡ 'ಫೆಂಟಾಸ್ಟಿಕ್ ಫೋರ್' ಚಿತ್ರ ನಡೆಯುವುದು ನಮ್ಮ ಭೂಮಿಯಲ್ಲಲ್ಲ. ಕಥಾಸಾತತ್ಯದ ಲೆಕ್ಕ ತಪ್ಪದಿರಲೆಂದು ಮಾರ್ವೆಲ್ ತನ್ನ ಪ್ರತಿ ಸಮಾನಾಂತರ ಲೋಕಕ್ಕೂ ಒಂದು ಸಂಖ್ಯೆ ಕೊಡುತ್ತದೆ. ಬೆನ್ ಗ್ರಿಮ್ ಓಡಾಡುವ ಈ ಲೋಕದ ಸಂಖ್ಯೆ 828. ತಿಂಗಳನ್ನು ಮೊದಲು, ದಿನವನ್ನು ಆಮೇಲೆ ಬರೆಯುವ ಅಮೆರಿಕದ ರೂಢಿಯಲ್ಲಿ ಅದು ಆಗಸ್ಟ್ 28. ಲೋವರ್ ಈಸ್ಟ್ ಸೈಡ್‌ನ ಬಡವರ ಕೇರಿಯಲ್ಲಿ ಜೇಕಬ್ ಕರ್ಟ್ಸ್‌ಬರ್ಗ್ ಹುಟ್ಟಿದ ದಿನ.